ಫ್ಲಾರೆನ್ಸಿನಲ್ಲಿ ಒಂದು ಸಮಾಧಿ

ಮಧುಗಿರಿ
೧೯೪೫ನೇ ಇಸವಿ ಮಾರ್ಚಿ ೧೦

ಚಿರಂಜೀವಿ ಸಂಜೀವಯ್ಯನಿಗೆ ನಂದೀಶ್ವರಯ್ಯನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ಪದ್ಧತಿ. ನಿಮಗೆಲ್ಲ ಕಲಿಸಿದವನೂ ನಾನೇ. ಆ ಮಾತನ್ನು ಈ ಸಲ ಬಿಟ್ಟಿದ್ದೇನೆ.

ನನ್ನ ಮಗ ಮರುಳಸಿದ್ದಯ್ಯ ಗಾಯದಿಂದ ತೀರಿಕೊಂಡನೆಂದು ಸರ್ಕಾರದ ತಂತಿ ಬಂದು ಮೂರು ತಿಂಗಳಾಯಿತು. ಅದರ ಹಿಂದೆಯೇ ನಿನ್ನ ಕಾಗದವೂ ಬಂತು, ನಾಲ್ಕು ಸಾಲು. ಪ್ರಬಂಧ ಬರೆ ಎಂದರೆ ತನ್ನ ಸ್ಲೇಟು ತುಂಬಿಸಿ ಪಕ್ಕದವನ ಸ್ಲೇಟು ಕೇಳುತ್ತಿದ್ದವನು ನೀನು. ನಾಲ್ಕೇ ಸಾಲಿಗೆ ನಿಲ್ಲಿಸಿದ್ದೇಕೆ ಎಂದು ಯೋಚಿಸುತ್ತಾ ಇದ್ದೇನೆ. ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ದಿನ ದಂಡಿಗೆ ಸೇರಿದವರು, ಒಂದೇ ಕಂಪನಿಯಲ್ಲಿ ಸೇತುವೆ ಕಟ್ಟಿದವರು. ನಿನಗೂ ಕೈ ಏಳಲಿಲ್ಲ ಎಂದುಕೊಳ್ಳುತ್ತೇನೆ.

ವಿಷಯಕ್ಕೆ ಬರುತ್ತೇನೆ. ನೀನು ಹುಲಿಕುಂಟೆಯ ಒಕ್ಕಲು ಮನೆಯವನು. ನಮ್ಮ ಕ್ರಮ ನಿನಗೆ ಪೂರ್ತಿ ತಿಳಿದಿರಲಿಕ್ಕಿಲ್ಲ, ಬಿಡಿಸಿ ಬರೆಯುತ್ತೇನೆ. ನಮ್ಮಲ್ಲಿ ಸುಡುವುದಿಲ್ಲ. ಕೂರಿಸಿ ಮಣ್ಣು ಮಾಡುತ್ತೇವೆ. ಹುಟ್ಟಿದಂದಿನಿಂದ ಎದೆಯ ಮೇಲೆ ಧರಿಸಿದ ಲಿಂಗವನ್ನು ಅದರ ಕರಡಿಗೆಯಿಂದ ತೆಗೆದು ಎಡ ಅಂಗೈಯಲ್ಲಿಟ್ಟು, ವಿಭೂತಿ ಪತ್ರೆ ತುಂಬಿ, ಆಮೇಲೆ ಮುಚ್ಚುತ್ತೇವೆ. ಲಿಂಗವಿಲ್ಲದೆ ಹೋದವನು, ಬೆಂಕಿಗೆ ಸಂದವನು ನಮ್ಮವನಲ್ಲ ಎಂಬುದು ಇಲ್ಲಿಯವರ ಮಾತು.

ಮಠದ ರೇಣುಕಯ್ಯನವರು ಎರಡು ಸಲ ಮನೆಗೆ ಬಂದು ಹೋದರು. ಒಳ್ಳೆಯವರೇ, ಆದರೆ ಕ್ರಮ ಎಂದರೆ ಕ್ರಮ. ಪರದೇಶದಲ್ಲಿ ಏನು ನಡೆಯಿತೋ ತಿಳಿಯದೆ ಶಿವಗಣಾರಾಧನೆ ಮಾಡಿಸುವುದು ಹೇಗೆ ಎಂದು ಅವರ ಪ್ರಶ್ನೆ. ಹಾಗಾಗಿ ನನ್ನ ಮಗನ ಹೆಸರಿನಲ್ಲಿ ಇನ್ನೂ ಒಂದು ಎಲೆ ಹಾಕಿಲ್ಲ. ಅವನ ತಾಯಿ ಶಿವರುದ್ರಮ್ಮ, ನೀನೂ ಅಮ್ಮ ಎಂದು ಕರೆಯುವವಳು, ಅದು ಆಗುವವರೆಗೆ ಒಪ್ಪೊತ್ತು ಎಂದು ಹಟ ಹಿಡಿದು ಕೂತಿದ್ದಾಳೆ. ಸೀರೆ ಈಗ ಅವಳನ್ನು ಉಟ್ಟುಕೊಂಡಂತೆ ಕಾಣುತ್ತದೆ.

ಗಾಯಾಳುಗಳನ್ನು ಹತ್ತಿರದ ದೊಡ್ಡ ಊರಿಗೆ ಸಾಗಿಸುತ್ತಾರೆ ಎಂದು ನೀನು ಹಿಂದೊಮ್ಮೆ ಬರೆದಿದ್ದೆ. ಊರ ಹೆಸರಿಗೆ ಸೆನ್ಸಾರಿನವನು ಮಸಿ ಬಳಿದಿದ್ದ. ಪತ್ರಿಕೆ ಓದಿ, ಭೂಪಟ ತೆಗೆದು, ಅದು ಫ್ಲಾರೆನ್ಸ್ ಎಂದು ತೀರ್ಮಾನಿಸಿದ್ದೇನೆ. ಮೂವತ್ತು ವರ್ಷ ಆ ಊರನ್ನು ಕೋಲಿನ ತುದಿಯಲ್ಲಿ ತೋರಿಸಿದವನು ನಾನು. ನೀನು ಅಲ್ಲಿಗೆ ಹೋಗು. ಅವನನ್ನು ಎಲ್ಲಿ ಇಟ್ಟಿದ್ದಾರೆ, ಕೂರಿಸಿದರೇ, ಲಿಂಗ ಅಂಗೈಯಲ್ಲಿ ಇತ್ತೇ, ಈ ಮೂರಕ್ಕೂ ಉತ್ತರ ಬೇಕು. ಚುಟುಕಾಗಿ ಬೇಡ. ಊರು ಹೇಗಿದೆ, ಅವನಿರುವ ನೆಲ ಹೇಗಿದೆ, ಎಲ್ಲ ಬರೆ. ನಿನ್ನ ಕಾಗದವನ್ನು ನಾಲ್ಕು ಜನರ ಮುಂದೆ ಓದಬೇಕಾಗುತ್ತದೆ.

ಇಂತು,
ನಂದೀಶ್ವರಯ್ಯ


ಫ್ಲಾರೆನ್ಸ್, ಇಟಲಿ
೧೯೪೫ ಮೇ ೨೩

ಪೂಜ್ಯ ಮೇಷ್ಟ್ರಿಗೆ ಸಂಜೀವಯ್ಯ ಅಡ್ಡಬಿದ್ದು ಬರೆಯುವುದು.

ನಿಮ್ಮ ಲೆಕ್ಕ ಸರಿ, ಊರು ಫ್ಲಾರೆನ್ಸೇ. ಈ ತಿಂಗಳ ಮೊದಲಲ್ಲಿ ಇಲ್ಲಿಯ ಯುದ್ಧ ಮುಗಿಯಿತು, ಹೆಸರು ಬರೆದರೆ ಈಗ ಯಾರೂ ಮಸಿ ಬಳಿಯುವುದಿಲ್ಲ. ಮೂರು ದಿನದ ರಜೆ ಸಿಕ್ಕಿತು. ಬೇರೆಯವರು ರೋಮಿಗೆ ಹೋದರು, ನಾನು ಇಲ್ಲಿಗೆ ಬಂದೆ.

ನೀವು ಕೋಲಿನಲ್ಲಿ ತೋರಿಸುತ್ತಿದ್ದ ಆರ್ನೋ ನದಿ ನಾನು ಎಣಿಸಿದಷ್ಟು ದೊಡ್ಡದಲ್ಲ. ಆದರೂ ನಮ್ಮ ಜಯಮಂಗಲಿಗಿಂತ ಅಗಲ, ಮತ್ತು ಇದರಲ್ಲಿ ನೀರಿದೆ. ಹಿಂದಕ್ಕೆ ಓಡುವಾಗ ಜರ್ಮನಿಯವರು ಇದ್ದ ಸೇತುವೆಗಳನ್ನೆಲ್ಲ ಉಡಾಯಿಸಿ, ಒಂದನ್ನು ಮಾತ್ರ ಬಿಟ್ಟಿದ್ದಾರೆ. ಅದರ ಮೇಲೆ ಎರಡು ಕಡೆಯೂ ಅಕ್ಕಸಾಲಿಗರ ಅಂಗಡಿ ಸಾಲು. ಸೇತುವೆ ಚೆಂದ ಎಂದು ಉಳಿಸಿದರಂತೆ. ಆದರೆ ದಾರಿ ಕಟ್ಟಾಗಬೇಕಲ್ಲ, ಅದಕ್ಕೆ ಅದರ ಎರಡೂ ತುದಿಯ ಬೀದಿಗಳನ್ನು ಮನೆ ಸಮೇತ ಕೆಡವಿದ್ದಾರೆ. ಮೂಗು ಉಳಿಸಿ ಮುಖ ಕುಯ್ದ ಹಾಗಾಗಿದೆ. ಆ ಕಲ್ಲು ರಾಶಿಯ ಮೇಲೆ ಹೆಂಗಸರು ಸೌದೆ ಆಯುತ್ತಿದ್ದರು.

ಊರ ನಡುವೆ ಬಿಳಿ ಹಸಿರು ಕಲ್ಲಿನ ದೊಡ್ಡ ಇಗರ್ಜಿ. ಅದರ ಗುಮ್ಮಟ ಹತ್ತಲು ನಾನೂರಕ್ಕೆ ಮೇಲ್ಪಟ್ಟು ಮೆಟ್ಟಿಲು. ಜೊತೆಯಲ್ಲಿ ಬಂದ ಬಿಳಿ ಸೋಲ್ಜರುಗಳು ಅರ್ಧ ದಾರಿಯಲ್ಲಿ ಗೋಡೆಗೆ ಒರಗಿ ನಿಂತರು. ಮಧುಗಿರಿ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿದವನಿಗೆ ಅದು ಅಟ್ಟ ಹತ್ತಿದ ಹಾಗೆ. ಮೇಲಿನಿಂದ ನೋಡಿದರೆ ಊರೆಲ್ಲ ಕೆಂಪು ಹೆಂಚು. ಮರುಳ ಇದ್ದಿದ್ದರೆ ಇಷ್ಟಕ್ಕೆ ಇಷ್ಟು ಮೆಟ್ಟಿಲು ಬೇಕಿತ್ತಾ ಎಂದು ಅನ್ನುತ್ತಿದ್ದ.

ಈ ಊರಲ್ಲಿ ಕಲ್ಲಿನಲ್ಲಿ ಕಡೆದ ಹೆಸರುವಾಸಿ ಆಳೊಬ್ಬನಿದ್ದಾನೆ, ಅವನನ್ನು ನೋಡದೆ ಯಾರೂ ಹಿಂದಿರುಗುವುದಿಲ್ಲ ಎಂದರು. ಹೋದೆ. ಬಾಂಬು ಬಿದ್ದೀತೆಂದು ಅವನ ಸುತ್ತ ರಾಗಿ ಕಣಜದ ಹಾಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಕಾವಲಿನ ಮುದುಕ ಒಳಗೆ ಇದ್ದಾನೆ ಎಂದು ಕೈಸನ್ನೆ ಮಾಡಿದ. ನಾನು ನಂಬಿ ಬಂದೆ.

ಎರಡನೇ ದಿನ ನದಿಯ ಆಚೆ ದಡದಲ್ಲಿ ಒಬ್ಬ ಅಜ್ಜಿ ನನ್ನ ಸಿಗರೇಟಿನ ಪೊಟ್ಟಣ ತೆಗೆದುಕೊಂಡು ಒಳಗೆ ಕರೆದು ಕೂರಿಸಿದಳು. ಮುಸುಕಿನ ಜೋಳದ ಹಿಟ್ಟನ್ನು ತೊಳಸಿ, ಹಲಗೆಯ ಮೇಲೆ ಬೋರಲು ಹಾಕಿ, ದಾರ ಹಿಡಿದು ಕತ್ತರಿಸಿ ಕೊಟ್ಟಳು. ಮುದ್ದೆ ಕಣಜ್ಜಿ ಇದು, ಎಂದೆ. ಅವಳು ತನ್ನ ಭಾಷೆಯಲ್ಲಿ ಏನೋ ಅಂದಳು. ಇಬ್ಬರಿಗೂ ಅರ್ಥವಾಯಿತು. ಅರಮನೆ ಕಟ್ಟಿದ ಜನ ಈಗ ನಮಗಿಂತ ಬಡವರು.

ಮೂರನೇ ದಿನ ಮರುಳನ ಹತ್ತಿರ ಹೋದೆ. ಊರ ಪಡುವಲಿಗೆ ಮರಗಳ ದೊಡ್ಡ ತೋಪು. ತೋಪಿನ ತುದಿಯಲ್ಲಿ ಒಂದು ಸಣ್ಣ ಹೊಳೆ ಬಂದು ಆರ್ನೋ ನದಿಗೆ ಕೂಡುತ್ತದೆ. ಅಲ್ಲಿ ಒಂದು ಛತ್ರಿ, ಎಂದರೆ ಕಂಬದ ಮಂಟಪ, ನಮ್ಮ ಕಡೆಯ ಕೆಲಸದ್ದೇ, ಬಣ್ಣ ಹಚ್ಚಿದ್ದು. ಕೆಳಗೆ ಪೇಟ ಸುತ್ತಿದ ಎಳೆಯ ಅರಸನ ಮೂರ್ತಿ. ಕೊಲ್ಲಾಪುರದವನಂತೆ, ವಿಲಾಯತಿಯಿಂದ ಊರಿಗೆ ಹೊರಟವನು ಎಪ್ಪತ್ತೈದು ವರ್ಷದ ಹಿಂದೆ ಇಲ್ಲಿ ತೀರಿಕೊಂಡನಂತೆ. ನಮ್ಮ ದೇಶದ ಮುಖ ಅಲ್ಲಿ ಕಂಡು ನನಗೆ ಕಣ್ಣಲ್ಲಿ ನೀರು ಬಂತು.

ಅದಕ್ಕೆ ಹತ್ತು ಮಾರು ದೂರದಲ್ಲಿ, ಸಂಗಮದ ದಡದಲ್ಲಿ, ಮರುಳ ಇದ್ದಾನೆ. ನೀವು ಕೇಳಿದ್ದಕ್ಕೆ ಉತ್ತರ: ಕೂರಿಸಿಯೇ ಮಣ್ಣು ಮಾಡಿದೆವು. ಧಾರವಾಡದ ಕಡೆಯ ಅಯ್ಯನವರ ಮನೆಯ ಸಿಪಾಯಿಯೊಬ್ಬ ಇದ್ದ, ಅವನೇ ಮುಂದೆ ನಿಂತು ಎಲ್ಲ ಮಾಡಿಸಿದ. ಅವನ ಹತ್ತಿರ ವಿಭೂತಿ ಗಟ್ಟಿ ಇತ್ತು. ಪತ್ರೆ ಸಿಗಲಿಲ್ಲ, ಅಲ್ಲಿಯದೇ ಹಸಿರೆಲೆ ಹಾಕಿದೆವು. ಲಿಂಗ ಎಡ ಅಂಗೈಯಲ್ಲಿ ಇತ್ತು. ಬೆಳ್ಳಿ ಕರಡಿಗೆಯೂ ಅದೇ, ನಾವು ಕೋಟೆ ಮೆಟ್ಟಿಲಲ್ಲಿ ಬಿದ್ದಾಗ ಮುಚ್ಚಳದ ಅಂಚು ತಗ್ಗಿತ್ತಲ್ಲ, ಅದು. ಅವನ ಜೊತೆಯಲ್ಲೇ ಇಟ್ಟಿದ್ದೇವೆ.

ಅಮ್ಮನಿಗೆ ಹೇಳಿ, ಎರಡು ಹೊತ್ತು ಊಟ ಮಾಡಲಿ.

ತಮ್ಮ ಕೈಯಲ್ಲಿ ಕಲಿತ,
ಸಂಜೀವಯ್ಯ


ಮಧುಗಿರಿ
೧೯೪೫ ಜುಲೈ ೮

ಸಂಜೀವಯ್ಯನಿಗೆ,

ನಿನ್ನ ಕಾಗದ ಬಂದಾಗ ಜಗಲಿಯಲ್ಲಿ ಐದಾರು ಜನ ಕೂತಿದ್ದರು. ಟಪಾಲಿನ ಪರ್ವತಯ್ಯ ನನ್ನ ಕೈಗೆ ಕೊಡುವ ಮೊದಲೇ ರೇಣುಕಯ್ಯನವರು ತೆಗೆದುಕೊಂಡು ಒಡೆದರು, ಗಟ್ಟಿಯಾಗಿ ಓದಿದರು. ಕಲ್ಲಿನ ಆಳನ್ನು ಕಣಜದಲ್ಲಿ ಇಟ್ಟ ಸಂಗತಿಗೆ ಜನ ನಕ್ಕರು. ಸಂಗಮ ಎಂಬ ಮಾತು ಬಂದಾಗ ಎಲ್ಲರೂ ಕೈ ಮುಗಿದರು. ಬಾಗಿಲ ಹಿಂದೆ ನಿಂತಿದ್ದ ಶಿವರುದ್ರಮ್ಮ ಅಳುತ್ತಲೇ ಒಳಗೆ ಹೋಗಿ ಒಲೆ ಹಚ್ಚಿದಳು. ಅಂದು ಎರಡು ಹೊತ್ತು ಉಂಡಳು. ಆರಾಧನೆಯನ್ನು ದಸರಾ ಕಳೆದ ಮೇಲೆ ಎಂದು ಇಟ್ಟರು. ನಿನ್ನಂಥ ಸ್ನೇಹಿತ ಇರಬೇಕು ಎಂದು ಎಲ್ಲರೂ ಅಂದರು.

ಅವರು ಎದ್ದು ಹೋದ ಮೇಲೆ ನಾನು ನನ್ನ ಪೆಟ್ಟಿಗೆಯ ಬೀಗ ತೆಗೆದೆ. ಅಂಚು ತಗ್ಗಿದ ಆ ಕರಡಿಗೆ ಅದರಲ್ಲಿದೆ. ಕರಡಿಗೆಯೊಳಗೆ ಲಿಂಗವಿದೆ. ಮೂರು ವರ್ಷದಿಂದ ಇದೆ. ಇಟ್ಟವನು ನಾನು.

ಇದನ್ನು ಯಾರಿಗೂ ಹೇಳಿಲ್ಲ, ಅವಳಿಗೂ ಹೇಳಿಲ್ಲ. ಮೂರು ವರ್ಷದ ಹಿಂದಿನ ಯುಗಾದಿಯ ಮಾರನೆಯ ದಿನ ಅವನು ಹುಲಿಕುಂಟೆಗೆ ನಿಮ್ಮ ಮನೆಗೆ ಬಂದಿದ್ದ. ಯುಗಾದಿಯ ಮಾರನೆಯ ದಿನ ಹೊಸತೊಡಕು, ಅಂದು ನಿಮ್ಮ ಮನೆಗಳಲ್ಲಿ ಏನು ಬೇಯುತ್ತದೆ ಎಂಬುದು ಲೋಕಕ್ಕೇ ಗೊತ್ತು. ನಿಮ್ಮ ಅಂಗಳದಲ್ಲಿ ಎಲೆ ಮುಂದೆ ಕೂತದ್ದನ್ನು ಕಣ್ಣಾರೆ ಕಂಡವರು ನನಗಿಂತ ಮೊದಲು ಪೇಟೆ ಬೀದಿಗೆ ಹೇಳಿದರು. ಸಾಯಂಕಾಲ ಅವನು ಬಂದು ಕೈಕಾಲು ತೊಳೆದು ನಿಂತ. ನಾನು ಅವನ ಕೊರಳಿಗೆ ಕೈ ಹಾಕಿದೆ. 'ಇದು ಇರುವ ಕೊರಳು ಇದಲ್ಲ' ಎಂದೆ. ಅವನು ತಲೆ ಬಗ್ಗಿಸಿದ, ದಾರ ಸುಲಭವಾಗಿ ಬರಲೆಂದು. ಒಂದು ಮಾತೂ ಆಡಲಿಲ್ಲ. ಆಡದೆ ಇದ್ದದ್ದನ್ನೇ ತಪ್ಪೊಪ್ಪಿಗೆ ಎಂದು ಹಿಡಿದೆ. ನಾಲ್ಕನೇ ದಿನ ನಿನ್ನ ಜೊತೆ ಬೆಂಗಳೂರಿಗೆ ಹೋಗಿ ಭರ್ತಿಯಾದ.

ನಾನು ಲಿಂಗದ ವಿಷಯ ಕೇಳಿದ್ದು ನಿನ್ನನ್ನು ಪರೀಕ್ಷಿಸಲು ಅಲ್ಲ. ಅಲ್ಲಿ ಯಾರಾದರೂ ಅಯ್ಯನವರು ಅವನಿಗೆ ಹೊಸದನ್ನು ಕಟ್ಟಿರಬಹುದೇ ಎಂಬ ಆಸೆ ಇತ್ತು. ಅದೊಂದೇ ಆಸೆ ಹಿಡಿದು ನಿನಗೆ ಬರೆದೆ. 'ಹೊಸದು, ಬಟ್ಟೆಯಲ್ಲಿ ಕಟ್ಟಿಕೊಂಡಿದ್ದ' ಎಂದು ನೀನು ಬರೆದಿದ್ದರೆ ಸಾಯುವವರೆಗೆ ನಂಬುತ್ತಿದ್ದೆ. ನೀನು ಬೆಳ್ಳಿ ಕರಡಿಗೆ ಎಂದು ಬರೆದೆ.

ಈಗ ನಿಜ ಬರೆ. ಮಣ್ಣು ಮಾಡಿದಿರೋ, ಸುಟ್ಟಿರೋ? ಆರಾಧನೆಗೆ ಮೊದಲು ನನಗೆ ತಿಳಿಯಬೇಕು.

ನಂದೀಶ್ವರಯ್ಯ


ಇಟಲಿ
೧೯೪೫ ಸೆಪ್ಟೆಂಬರ್ ೨

ಮೇಷ್ಟ್ರಿಗೆ,

ಸುಟ್ಟೆವು.

ಫ್ಲಾರೆನ್ಸಿನಲ್ಲಿ ಅಲ್ಲ. ಅದರ ಬಡಗಲ ಗುಡ್ಡಗಳ ಮೇಲೆ, ಒಂದು ಮುರುಕು ಇಗರ್ಜಿಯ ಹಿಂದೆ, ಸುರಿಯುವ ಮಳೆಯಲ್ಲಿ. ಮರುಳ ಆ ಊರನ್ನು ಕಣ್ಣಿನಿಂದಲೂ ನೋಡಲಿಲ್ಲ. ಅಂದು ನಮ್ಮಲ್ಲಿ ಐದು ಜನ ಹೋಗಿದ್ದರು. ಹವಾಲ್ದಾರ ಕಾಗದ ಹಿಡಿದು ಬಂದ. ಹಿಂದೂವೋ, ಮುಸಲ್ಮಾನನೋ, ಕ್ರಿಸ್ತನವನೋ ಎಂದು ಒಬ್ಬೊಬ್ಬರಿಗೂ ಕೇಳಿದ. ಮರುಳನ ಸರದಿ ಬಂದಾಗ ಹಿಂದೂ ಎಂದವನು ನಾನು. ಹಿಂದೂ ಎಂದರೆ ಸೌದೆ, ಅಷ್ಟೇ ಅವರ ಲೆಕ್ಕ. ಸೌದೆ ಹಸಿ ಇತ್ತು, ಪೆಟ್ರೋಲು ಸುರಿದೆವು.

ನಿಮ್ಮ ಕ್ರಮ ನನಗೆ ಪೂರ್ತಿ ತಿಳಿದಿರಲಿಕ್ಕಿಲ್ಲ ಎಂದು ಬರೆದಿದ್ದೀರಿ. ತಿಳಿದಿತ್ತು. ನಿಮ್ಮ ತಾಯಿಯವರು ಹೋದಾಗ ಕುಕ್ಕೆ ತುಂಬ ಪತ್ರೆ ಕುಯ್ದು ತಂದವರು ಮರುಳ ಮತ್ತು ನಾನು. ಅವರನ್ನು ಕೂರಿಸಿದ್ದು ಕಂಡಿದ್ದೇನೆ. ಇವನನ್ನು ಬೇರೆ ಮಾಡಬೇಕು, ಗುಂಡಿ ತೋಡಲು ಬಿಡಿ ಎಂದು ಹವಾಲ್ದಾರನನ್ನು ಕೇಳಬಹುದಿತ್ತು. ಕೇಳಿದ್ದರೆ ಕೊಡುತ್ತಿದ್ದನೋ ಏನೋ. ಮೂರು ದಿನದಿಂದ ನಿದ್ದೆ ಇರಲಿಲ್ಲ, ಮೈ ನೆನೆದಿತ್ತು, ಸುಮ್ಮನೆ ನಿಂತೆ. ಅದು ನನ್ನ ಪಾಪ, ನಿಮ್ಮ ತಲೆಗೆ ಕಟ್ಟುವುದಿಲ್ಲ.

ಮೈ ಒರೆಸುವಾಗ ಕೊರಳು ಬರಿದಾಗಿದ್ದದ್ದು ಕಂಡೆ. ಬೆಳ್ಳಿಯಾಸೆಗೆ ಯಾರೋ ಬಿಚ್ಚಿಕೊಂಡಿದ್ದಾರೆ ಎಂದು ತಿಳಿದು ಆಸ್ಪತ್ರೆಯ ಆಳೊಬ್ಬನಿಗೆ ಹೊಡೆದೆ. ಪಾಪ, ಅವನು ಅತ್ತ. ಮರುಳ ಎರಡೂವರೆ ವರ್ಷ ನನ್ನ ಪಕ್ಕದ ಮಂಚದಲ್ಲಿ ಮಲಗಿದ. ಅಂಗಿ ಬಿಚ್ಚದೆ ಮಲಗುತ್ತಿದ್ದ. ಎಲ್ಲರೂ ಒಟ್ಟಿಗೆ ಸ್ನಾನಕ್ಕೆ ಇಳಿದರೆ ಅವನು ಆಮೇಲೆ ಒ‍ಬ್ಬನೇ ಹೋಗುತ್ತಿದ್ದ. ಮೇಷ್ಟ್ರ ಮಗನಿಗೆ ಮಡಿ ಜಾಸ್ತಿ ಎಂದು ನಾನು ಗೇಲಿ ಮಾಡುತ್ತಿದ್ದೆ, ಕಂಪನಿಯವರನ್ನೂ ನಗಿಸುತ್ತಿದ್ದೆ. ಅವನೂ ನಗುತ್ತಿದ್ದ. ನಿಮ್ಮ ಮರ್ಯಾದೆಯನ್ನು ನನ್ನಿಂದಲೂ ಮುಚ್ಚಿಟ್ಟ.

ಆ ಮೂರು ದಿನ ನಾನು ಊರು ನೋಡಲಿಲ್ಲ ಮೇಷ್ಟ್ರೇ. ನಿಮ್ಮ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಸಮಾಧಿ ಹೂಡುವುದಕ್ಕೆ ತಕ್ಕ ಜಾಗ ಹುಡುಕಿದೆ. ಗುಮ್ಮಟ ಹತ್ತಿದ್ದು ಅದಕ್ಕೇ, ಮೇಲಿನಿಂದ ಎಲ್ಲಿ ಹಸಿರು ಕಾಣುತ್ತದೆ ಎಂದು ನೋಡಲು. ಮೊದಲು ಬಿಳಿಯರ ಸ್ಮಶಾನಕ್ಕೆ ಹೋದೆ. ಅಲ್ಲಿ ಶಿಲುಬೆಗಳನ್ನು ಅಳತೆ ಹಿಡಿದು ಸಾಲಾಗಿ ನೆಟ್ಟಿದ್ದಾರೆ, ಕೂತವನಿಗೆ ಅಲ್ಲಿ ಜಾಗವಿಲ್ಲ ಎನ್ನಿಸಿತು. ಅಜ್ಜಿಯ ಮನೆಯ ಹಿತ್ತಲು ನೋಡಿದೆ, ಇಕ್ಕಟ್ಟು. ಕಡೆಗೆ ಆ ಸಂಗಮ ಸಿಕ್ಕಿತು. ಸಿಕ್ಕಿದಾಗ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆ ಛತ್ರಿಯ ನೆರಳಲ್ಲೇ ಕೂತು ನಿಮಗೆ ಬರೆದೆ. ಧಾರವಾಡದ ಅಯ್ಯನವರ ಹುಡುಗ ಇಲ್ಲವೇ ಇಲ್ಲ.

ಅರಸನ ವಿಷಯದಲ್ಲೂ ಒಂದನ್ನು ಬಿಟ್ಟೆ. ಅವನನ್ನು ಸುಟ್ಟದ್ದೇ ಅಲ್ಲಿ. ಈ ಊರಲ್ಲಿ ಸುಡುವ ಪದ್ಧತಿ ಇರಲಿಲ್ಲವಂತೆ, ಅವನಿಗಾಗಿ ಅಪ್ಪಣೆ ತಂದು ಎರಡು ಹೊಳೆ ಕೂಡುವ ಕಡೆ ಗಂಧದ ಸೌದೆ ಒಟ್ಟಿದರಂತೆ. ಸುಡಬಾರದ ಊರಲ್ಲಿ ಅರಸನನ್ನು ಸುಟ್ಟರು. ಹೂಳಬೇಕಾದವನನ್ನು ನಾವು ಸುಟ್ಟೆವು. ಅರಸನಿಗೆ ಕೇಳುವವರಿದ್ದರು.

ಇನ್ನು ಹೊಸತೊಡಕಿನ ಮಾತು. ನಮ್ಮವ್ವ ಅಶ್ವತ್ಥಮ್ಮನನ್ನು ನೀವು ನೋಡಿಲ್ಲ, ಅವಳಿಗೆ ಅಕ್ಷರ ಬರದು. ಮರುಳ ಬರುತ್ತಾನೆ ಎಂದು ತಿಳಿದು ಹಿಂದಿನ ದಿನವೇ ಕುಂಬಾರರ ಮನೆಯಿಂದ ಹೊಸ ಮಡಕೆ ತರಿಸಿದಳು. ಮನೆಯ ಒಲೆ ಬೇಡವೆಂದು ಅಂಗಳದ ಮೂಡಲ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ ಮೂರು ಕಲ್ಲು ಹೂಡಿದಳು. ನನ್ನನ್ನು ಗದರಿಸಿದ್ದು ಇನ್ನೂ ಕಿವಿಯಲ್ಲಿದೆ: 'ಲೇ, ಮೇಷ್ಟ್ರ ಮಗ ಕಣ್ಲಾ ಅದು. ನಮ್ಮ ಪಾತ್ರೆ ಪಡಗ ಮುಟ್ಟಿಸ್‌ಬ್ಯಾಡ. ನೀರೂ ಆ ಮಗಾನೇ ಸೇದ್ಕಳ್ಲಿ. ಅವರಪ್ಪನ ಮುಂದೆ ಆ ಮಗ ತಲೆ ಎತ್ಕಂಡು ನಿಂತ್ಕಬೇಕು.' ಅವನೇ ಬಾವಿಯಿಂದ ನೀರು ಸೇದಿದ, ಅವನೇ ಮುದ್ದೆ ತೊಳಸಿದ. ಹುರುಳಿ ಸಾರು, ಮುದ್ದೆ, ಅಷ್ಟೇ ಉಂಡದ್ದು. ಅವ್ವ ದೂರ ನಿಂತು, ಇನ್ನೊಂದು ಮುದ್ದೆ ತಟ್ಕಳಪ್ಪ ಎಂದು ಹೇಳುತ್ತಿದ್ದಳು. ನಮ್ಮ ಬಾಡಿನ ಅಡಿಗೆ ಹಿತ್ತಲಲ್ಲಿ ನಡೆದಿತ್ತು. ಅಂದು ನಮ್ಮ ಮನೆಯಲ್ಲಿ ಎರಡು ಕಡೆ ಹೊಗೆ ಎದ್ದಿತ್ತು, ನೋಡಿ ಬಂದವರು ಒಂದನ್ನೇ ಹೇಳಿದರು.

ಅವನು ಯಾಕೆ ಮಾತಾಡಲಿಲ್ಲ ಎಂದು ನನಗೆ ಗೊತ್ತು, ನಿಮಗೂ ಗೊತ್ತಿರಬೇಕು. ನಿಮ್ಮ ಮಗ ತಾನೆ, ಕೇಳದೆ ಹೇಳುವವನಲ್ಲ. ಕೊರಳಿಗೆ ಕೈ ಹಾಕುವ ಮೊದಲು 'ಏನು ಉಂಡೆ ಮಗ' ಎಂದು ಕೇಳಿದ್ದರೆ ಅರ್ಧ ನಿಮಿಷ ಹಿಡಿಯುತ್ತಿತ್ತು.

ಸಂಜೀವಯ್ಯ


ಮಧುಗಿರಿ
೧೯೪೫ ನವೆಂಬರ್ ೪

ಸಂಜೀವಯ್ಯನಿಗೆ,

ನಿನ್ನ ಕಾಗದ ಆರಾಧನೆಯ ಹಿಂದಿನ ದಿನ ಕೈಸೇರಿತು. ಬಾಳೆಲೆ ಬಂದಿದ್ದವು, ಅಡಿಗೆಯವರು ಬಂದು ಇಳಿದಿದ್ದರು, ಪಾವಗಡದಿಂದ ಬೀಗರು ಗಾಡಿ ಕಟ್ಟಿಸಿಕೊಂಡು ಬಂದಿದ್ದರು. ನಾನು ಅದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಎಲ್ಲರನ್ನೂ ಬನ್ನಿ ಬನ್ನಿ ಎಂದು ಕರೆದೆ.

ಮಾರನೆಯ ದಿನ ಪಂಕ್ತಿ ಕೂರುವ ಮೊದಲು ರೇಣುಕಯ್ಯನವರು ಮೇ ತಿಂಗಳ ಕಾಗದವನ್ನು ತಂದೆಯ ಬಾಯಿಂದಲೇ ಕೇಳೋಣ ಎಂದರು. ಓದಿದೆ. ಜೇಬಿನಲ್ಲಿ ಒಂದು ಕಾಗದ, ಕೈಯಲ್ಲಿ ಒಂದು ಕಾಗದ. ಕರಡಿಗೆಯ ಸಾಲು ಬಂದಾಗಲೂ ನನ್ನ ದನಿ ನಡುಗಲಿಲ್ಲ, ಮೂವತ್ತು ವರ್ಷ ಗಟ್ಟಿಯಾಗಿ ಓದಿ ಅಭ್ಯಾಸ. ಆ ಕಾಗದಕ್ಕೆ ಗಾಜಿನ ಕಟ್ಟು ಹಾಕಿಸಿ ಮಠದಲ್ಲಿ ಇಡುತ್ತಾರಂತೆ. ಎರಡನೆಯದನ್ನು ಒಲೆಗೆ ಹಾಕಿದೆ. ಪೆಟ್ಟಿಗೆಯಲ್ಲಿ ಇದ್ದದ್ದನ್ನು ಏನು ಮಾಡಿದೆ ಎಂದು ನಿನಗೆ ಹೇಳಬೇಕಾಗಿಲ್ಲ.

ಶಿವರುದ್ರಮ್ಮ ಚೇತರಿಸಿಕೊಂಡಿದ್ದಾಳೆ. ನೀರಿಗೆ ಹೋದ ಕಡೆಯೆಲ್ಲ ಅದೇ ಮಾತು: 'ಎರಡು ಹೊಳೆ ಕೂಡೋ ಕಡೆ ಕೂತವ್ನಂತೆ ಕಣಮ್ಮ ನನ್ನ ಮಗ, ತಂಪಾದ ಜಾಗವಂತೆ.'

ಹುರುಳಿ ಸಾರಿನ ಸಂಗತಿ ಓದಿದೆ. ನೀನು ಒಂದು ಸಲ ನನಗೆ ಸುಳ್ಳು ಬರೆದವನು. ಇದೂ ಸುಳ್ಳೇ ಇರಬಹುದು ಎಂದು ಇಟ್ಟುಕೊಂಡಿದ್ದೇನೆ. ಹಾಗೆ ಇಟ್ಟುಕೊಳ್ಳದಿದ್ದರೆ ಬೆಳಗಾದರೆ ನಾನು ಏಳುವುದು ಹೇಗೆ?

ನಿನಗೆ ಬಿಡುಗಡೆಯಾದಾಗ ಮಧುಗಿರಿಗೆ ಬರಬೇಡ. ಬಂದರೆ ಅವಳು ಮಣೆ ಹಾಕಿ ಕೂರಿಸಿ ಆ ತೋಪಿನ ವಿಷಯ ಕೇಳುತ್ತಾಳೆ. ನೀನು ಹೇಳುತ್ತೀಯ, ಚೆನ್ನಾಗಿಯೇ ಹೇಳುತ್ತೀಯ. ಪಕ್ಕದಲ್ಲಿ ಕೂತು ಅದನ್ನು ಕೇಳುವ ಶಕ್ತಿ ನನಗಿಲ್ಲ.

ನಂದೀಶ್ವರಯ್ಯ


ಹುಲಿಕುಂಟೆ
೧೯೪೬ ಏಪ್ರಿಲ್ ೧೪

ಮೇಷ್ಟ್ರಿಗೆ,

ಊರಿಗೆ ಬಂದು ಹದಿನೈದು ದಿನವಾಯಿತು. ನಿಮ್ಮ ಮಾತಿನಂತೆ ಮಧುಗಿರಿಗೆ ಬರಲಿಲ್ಲ, ಬರುವುದೂ ಇಲ್ಲ. ಈ ವರ್ಷ ನಮ್ಮಲ್ಲಿ ಹೊಸತೊಡಕು ಮಾಡಲಿಲ್ಲ. ಆ ದಿನ ಊಟಕ್ಕೆ ಕೂತ ತಪ್ಪಿಗೆ ಮರುಳ ದಂಡಿಗೆ ಹೋದ ಎಂದು ಅವ್ವನಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. 'ನಾನು ಕರೀದೆ ಇದ್ದಿದ್ರೆ ಆ ಮಗ ಬದುಕಿರ್ತಿತ್ತಲ್ಲೋ' ಎಂದು ಹಬ್ಬದ ದಿನವೆಲ್ಲ ಗೋಡೆಗೆ ಮುಖ ಮಾಡಿ ಮಲಗಿದಳು. ತಪ್ಪೇ ಮಾಡದವಳು ಅವಳೊಬ್ಬಳು, ಅಳುತ್ತಿರುವವಳೂ ಅವಳೇ.

ಇದು ನನ್ನ ಕೊನೆಯ ಕಾಗದ. ಒಂದು ಮಾತು ಉಳಿದಿದೆ, ಹೇಳಿ ಮುಗಿಸುತ್ತೇನೆ.

ನಿಮ್ಮ ಕಾಗದಗಳನ್ನು ಮತ್ತೆ ಮತ್ತೆ ಓದಿದ್ದೇನೆ. ಎಲ್ಲಿಟ್ಟರು ಎಂದು ಕೇಳಿದಿರಿ. ಕೂರಿಸಿದರೇ ಎಂದು ಕೇಳಿದಿರಿ, ಲಿಂಗ ಎಲ್ಲಿತ್ತು ಎಂದು ಕೇಳಿದಿರಿ, ಮಣ್ಣೋ ಬೆಂಕಿಯೋ ಎಂದು ಕೇಳಿದಿರಿ. ಅವನು ಹೇಗೆ ಸತ್ತ ಎಂದು ಕೇಳಲಿಲ್ಲ.

ಗಾಯವಾದ ಮೇಲೆ ಅವನು ಒಂದೂವರೆ ದಿನ ಬದುಕಿದ್ದ. ಅಷ್ಟು ಹೊತ್ತೂ ನಾನು ಪಕ್ಕದಲ್ಲಿ ಕೂತಿದ್ದೆ. ಅವನಿಗೆ ಪ್ರಜ್ಞೆ ಇತ್ತು, ಮಾತಾಡಿದ. ಬೇಕಾದಷ್ಟು ಮಾತಾಡಿದ. ಮೊದಲ ಸಲ ನಾಲ್ಕೇ ಸಾಲು ಬರೆದು ನಿಲ್ಲಿಸಿದ್ದು ಅದಕ್ಕೇ. ಮುಂದಿನದನ್ನು ನೀವು ಕೇಳುತ್ತೀರಿ, ಆಗ ಹೇಳೋಣ ಎಂದು ಕಾದೆ. ನಿಮ್ಮ ಮಾರ್ಚಿ ತಿಂಗಳ ಕಾಗದವನ್ನು ಬಂದ ಕೂಡಲೇ ಒಡೆದೆ. ಎರಡು ಸಲ ಓದಿದೆ, ಹಾಳೆ ತಿರುಗಿಸಿ ಹಿಂದೆಯೂ ನೋಡಿದೆ. ಜುಲೈ ತಿಂಗಳದ್ದರಲ್ಲಿ ಇರಬಹುದು ಎಂದುಕೊಂಡೆ. ನವೆಂಬರಿನದರಲ್ಲೂ ಇರಲಿಲ್ಲ.

ಆ ಸಾಯಂಕಾಲವೂ ನೀವು ಅವನನ್ನು ಕೇಳಲಿಲ್ಲ.

ಈಗ ನಾನಾಗಿಯೇ ಬರೆದರೆ ಏನು ಫಲ? ಸುಳ್ಳಿರಬಹುದು ಎಂದು ಇಟ್ಟುಕೊಳ್ಳುತ್ತೀರಿ. ಅವನ ಆ ಮಾತುಗಳನ್ನು ಯಾರೂ ಹಾಗೆ ಇಟ್ಟುಕೊಳ್ಳುವುದು ನನಗೆ ಬೇಡ. ನನ್ನ ಹತ್ತಿರವೇ ಇರಲಿ.

ಅಮ್ಮನಿಗೆ ನಮಸ್ಕಾರ. ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ಸಂಜೀವಯ್ಯ


ಮಧುಗಿರಿ
೧೯೪೬ ಸೆಪ್ಟೆಂಬರ್ ೨೯

ಮಹಾರಾಜರಾಜಶ್ರೀ ಸಂಜೀವಯ್ಯನವರಿಗೆ ನಂದೀಶ್ವರಯ್ಯನ ಶರಣು.

ಇದು ನಾನು ಬರೆಯುತ್ತಿರುವ ಮೂರನೆಯ ಕಾರ್ಡು. ಮೊದಲಿನ ಎರಡೂ ನಿಮ್ಮ ಕೈಸೇರಿದವೆಂದು ಪರ್ವತಯ್ಯ ಹುಲಿಕುಂಟೆ ಟಪಾಲಿನವನನ್ನು ವಿಚಾರಿಸಿ ಬಂದು ಹೇಳಿದ. ಕಾರ್ಡನ್ನು ಯಾರು ಬೇಕಾದರೂ ಓದಬಹುದು. ಓದಲಿ.

ಅವನಿಗೆ ಬಹಳ ನೋವಾಯಿತೇ? ನೀರು ಕೇಳಿದನೇ, ಕೊಟ್ಟಿರಾ? ಚಳಿ ಎಂದನೇ? ನನ್ನ ವಿಷಯ ಏನಾದರೂ ಅಂದಿದ್ದರೆ ಅದನ್ನು ಬೇಕಾದರೆ ಬಿಡಿ. ಅವನ ತಾಯಿಯನ್ನು ನೆನೆದನೇ? ಏನೇನು ಮಾತಾಡಿದ?

ಇದು ನಿಜ, ಇದು ಸುಳ್ಳು ಎಂದು ಇನ್ನು ವಿಂಗಡಿಸುವುದಿಲ್ಲ. ನೀವು ಏನು ಬರೆದರೂ ನಂಬುತ್ತೇನೆ. ಬರೆಯಿರಿ.

ನಂದೀಶ್ವರಯ್ಯ